ಗೋಡೆಯ ಬುಡದ ಕೆಸರಿನ ಕಲೆ

ಮನೆಯ ಹಿಂದಿನ ಗೋಡೆಗೆ ಸುಣ್ಣ ಹೊಡೆದು ಇನ್ನೂ ಮೂರು ತಿಂಗಳಾಗಿರಲಿಲ್ಲ. ಮೊದಲ ಜೋರು ಮಳೆ ಹೊಡೆದು ನಿಂತ ಮೇಲೆ ಹೊರಗೆ ಬಂದು ನೋಡಿದರೆ ಗೋಡೆಯ ಬುಡದುದ್ದಕ್ಕೂ ಕೆಂಪು ಚುಕ್ಕೆಗಳು. ಕೆಳಗೆ ಪಟ್ಟಿ ಬಳಿದ ಹಾಗೆ ಒತ್ತೊತ್ತಾಗಿ, ಮೇಲೆ ಹೋದಂತೆ ವಿರಳವಾಗಿ. ಆ ಕಡೆ ಸೂರಿನ ನೀರು ಬೀಳುವುದಿಲ್ಲ, ಅದಕ್ಕೆ ದೋಣಿ ಕಟ್ಟಿದ್ದೇವೆ. ಹರಿಯುವ ನೀರು ಗೋಡೆಗೆ ತಾಗುವುದೂ ಇಲ್ಲ. ಆಕಾಶದಿಂದ ನೇರ ಬಿದ್ದ ಹನಿಗಳೇ ನೆಲದ ಮಣ್ಣನ್ನು ಎತ್ತಿ ಗೋಡೆಗೆ ಎರಚಿದ್ದವು. ಟೇಪು ತಂದು ಅಳೆದೆ. ಎಲ್ಲಕ್ಕಿಂತ ಮೇಲಿನ ಚುಕ್ಕೆ ನೆಲದಿಂದ 46 ಸೆಂಟಿಮೀಟರ್ ಎತ್ತರದಲ್ಲಿತ್ತು.

ಇಂಥ ಕಲೆಯನ್ನು ಚಿಕ್ಕಂದಿನಿಂದ ಎಷ್ಟು ಗೋಡೆಗಳ ಮೇಲೆ ನೋಡಿಲ್ಲ! ಒದ್ದೆ ಬಟ್ಟೆಯಲ್ಲಿ ಒರೆಸಿ ಮರೆತಿದ್ದೇನೆ. ಆ ದಿನ ಮಾತ್ರ ಒರೆಸಲು ಕೈ ಬರಲಿಲ್ಲ. ಅದಕ್ಕೆ ಹಿಂದಿನ ಎರಡು ವರ್ಷ ಮಣ್ಣು ಕೊಚ್ಚಿಹೋಗುವುದನ್ನು ತಡೆಯಲು ನಾನು ಪಟ್ಟ ಪಾಡೆಲ್ಲ ಇಳಿಜಾರಿನ ತಳದಲ್ಲಿ. ಮಣ್ಣು ಕಿತ್ತು ಹೊರಡುತ್ತಿದ್ದುದು ಇಲ್ಲಿ, ನೆತ್ತಿಯಲ್ಲಿ, ಹನಿ ಬಿದ್ದ ಜಾಗದಲ್ಲೇ.

ನಮ್ಮ ಜಾಗ ಅರ್ಧ ಎಕರೆ. ಮನೆಯ ಹಿಂದಿನಿಂದ ತೊರೆಯ ತನಕ ಅರುವತ್ತು ಮೀಟರ್ ಉದ್ದ, ಅಷ್ಟರಲ್ಲಿ ಒಂಬತ್ತು ಮೀಟರ್ ಇಳಿತ. ಅಪ್ಪ ಇದ್ದಾಗ ಅಲ್ಲಿ ಪೊದೆ, ಹುಲ್ಲು, ಬಳ್ಳಿ ಹೆಣೆದುಕೊಂಡು ಬೆಳೆದಿದ್ದವು. ಅಪ್ಪ ಹೋದ ಮೇಲೆ ಹಣ್ಣಿನ ಗಿಡ ನೆಡೋಣವೆಂದು ಅದನ್ನೆಲ್ಲ ಬೇರುಸಮೇತ ಕೀಳಿಸಿ, ಗುಡಿಸಿ, ಸುಟ್ಟು ಚೊಕ್ಕ ಮಾಡಿಸಿದೆ. ಆ ವರ್ಷದ ಮಳೆಗೆ ಜಾಗದ ಮಧ್ಯದಲ್ಲಿ ಒಂದು ಕೊರಕಲು ಎದ್ದಿತು. ಮರುವರ್ಷ ತಳದಲ್ಲಿ ಒಂದು ಮೀಟರ್ ಎತ್ತರಕ್ಕೆ ಕಲ್ಲು, ಸಿಮೆಂಟಿನ ಗೋಡೆ ಕಟ್ಟಿಸಿದೆ. ಹಿಂದೆ ನಿಲ್ಲುವ ನೀರು ಹೊರಹೋಗಲು ತೂತು ಬಿಡಬೇಕೆಂದು ಕಟ್ಟಿದವರೂ ಹೇಳಲಿಲ್ಲ, ನನಗೂ ಹೊಳೆಯಲಿಲ್ಲ. ಮಳೆಗಾಲದ ಕೊನೆಯಲ್ಲಿ ಒಂದು ರಾತ್ರಿ, ನೀರು ಕುಡಿದು ಭಾರವಾದ ಮಣ್ಣು ಗೋಡೆಯನ್ನು ತಳ್ಳಿ ಮಲಗಿಸಿತು. ಬೆಳಗ್ಗೆ ನೋಡಿದಾಗ ತೊರೆಯ ನೀರು ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಅದು ನಮ್ಮ ಮಣ್ಣು.

ಅವತ್ತು ಆ ನೀರನ್ನು ಒಂದು ಗಾಜಿನ ಜಾಡಿಯಲ್ಲಿ ಹಿಡಿದು ಕಿಟಕಿಯಲ್ಲಿಟ್ಟೆ. ಮರಳು ಒಂದೇ ನಿಮಿಷದಲ್ಲಿ ತಳ ಸೇರಿತು. ಅದರ ಮೇಲೆ ಗೋಡು, ಅಂದರೆ ಮರಳಿಗಿಂತ ನುಣ್ಣನೆಯ ಮಣ್ಣು, ಸಂಜೆಯ ಹೊತ್ತಿಗೆ ತೆಳ್ಳಗೆ ಕೂತಿತು. ಆಮೇಲೂ ನೀರು ತಿಳಿಯಾಗಲಿಲ್ಲ. ಎರಡು ದಿನ ಕಳೆದರೂ ನಸುಗೆಂಪಾಗಿಯೇ ಇತ್ತು. ತೇಲುತ್ತಿದ್ದುದು ಜೇಡಿಯ ಅತಿಸಣ್ಣ ಕಣ. ಗಿಡಕ್ಕೆ ಬೇಕಾದ ಸತ್ವವನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳುವುದು ಅದೇ ಕಣ ಮತ್ತು ಅದಕ್ಕೆ ಅಂಟಿದ ಕೊಳೆತ ಸಾರ. ತಳದಲ್ಲಿ ಗೋಡೆ ಕಟ್ಟಿ ನೀರು ನಿಲ್ಲಿಸಿದರೆ ಸಿಗುವುದು ಮರಳು. ಬೆಲೆಬಾಳುವ ಭಾಗ ನೀರಿನ ಜೊತೆ ಗೋಡೆ ದಾಟಿ ಹೋಗಿರುತ್ತದೆ.

ಹಿಂದಿನ ಗೋಡೆಯಲ್ಲಿ ಕೆಂಪು ಕಲೆ ಕಂಡ ವರ್ಷವೇ ನಾನು ಹನಿಗಳ ಬಗ್ಗೆ ಓದತೊಡಗಿದ್ದು. ಜೋರು ಮಳೆಯ ದೊಡ್ಡ ಹನಿ, ಅಂದರೆ ಐದು ಮಿಲಿಮೀಟರ್ ದಪ್ಪದ್ದು, ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ನೆಲಕ್ಕೆ ಬಡಿಯುತ್ತದೆ. ಗಂಟೆಗೆ 30 ಕಿಲೋಮೀಟರಿಗೂ ಹೆಚ್ಚು. ನಮ್ಮ ಅರ್ಧ ಎಕರೆಗೆ 10 ಮಿಲಿಮೀಟರ್ ಮಳೆ ಬಿದ್ದರೆ 20 ಸಾವಿರ ಲೀಟರ್, ಅಂದರೆ 20 ಟನ್ ನೀರು ಆ ವೇಗದಲ್ಲಿ ಬಂದು ಬಡಿದಂತೆ. ಬರಿ ನೆಲದ ಹೆಂಟೆ ಆ ಪೆಟ್ಟಿಗೆ ಒಡೆದು ಪುಡಿಯಾಗುತ್ತದೆ. ಪುಡಿ ಹೋಗಿ ಮಣ್ಣಿನ ಸಣ್ಣ ಸಣ್ಣ ತೂತುಗಳನ್ನು ಮುಚ್ಚುತ್ತದೆ. ನೆಲ ಹಕ್ಕಳೆ ಕಟ್ಟುತ್ತದೆ. ಆಮೇಲೆ ಬಿದ್ದ ನೀರಿಗೆ ಇಂಗಲು ದಾರಿಯಿಲ್ಲ, ಹರಿಯಲೇಬೇಕು. ಹರಿಯುವಾಗ ಪುಡಿ ಮಣ್ಣು ಎತ್ತಿಕೊಂಡು ಹೋಗಲು ಸಿದ್ಧವಾಗಿಯೇ ಇರುತ್ತದೆ. ವೇಗ ಇಮ್ಮಡಿಯಾದರೆ ಹರಿಯುವ ನೀರಿನ ಶಕ್ತಿ ನಾಲ್ಮಡಿ, ಹಾಗಾಗಿ ಕೆಳಗೆ ಇಳಿದಷ್ಟೂ ಕೊರೆತ ಜೋರು. ನಾವು ನೋಡಿ ಗಾಬರಿಯಾಗುವ ಕೊರಕಲು ಈ ಸರಣಿಯ ಕೊನೆಯ ಕೊಂಡಿ.

1940ರ ದಶಕದಲ್ಲಿ ಅಮೆರಿಕದ ಡಬ್ಲ್ಯೂ. ಡಿ. ಎಲಿಸನ್ ಈ ಹನಿಯ ಪೆಟ್ಟನ್ನು ಅಳೆದು ತೋರಿಸಿದರು. ನನಗೆ ಅದಕ್ಕಿಂತ ಮನಸ್ಸಿಗೆ ನಾಟಿದ್ದು ಈಗಿನ ಜಿಂಬಾಬ್ವೆಯಲ್ಲಿ 1950ರ ದಶಕದಲ್ಲಿ ನಾರ್ಮನ್ ಹಡ್ಸನ್ ಶುರುಮಾಡಿದ ಪ್ರಯೋಗ. ಒಂದೇ ತೆರನಾದ ಎರಡು ಬರಿ ತುಂಡು ನೆಲ. ಎರಡರಲ್ಲೂ ಒಂದು ಕಡ್ಡಿ ಹುಲ್ಲು ಬೆಳೆಯಲು ಬಿಟ್ಟಿರಲಿಲ್ಲ. ಒಂದರ ಮೇಲೆ ಮಾತ್ರ, ನೆಲಕ್ಕೆ ತಾಗದಂತೆ, ಸೊಳ್ಳೆಪರದೆಯಂಥ ಬಲೆ ಬಿಗಿದಿದ್ದರು. ನೀರು ಎರಡಕ್ಕೂ ಒಂದೇ ಪ್ರಮಾಣದಲ್ಲಿ ಬಿತ್ತು. ಬಲೆಯ ಕೆಳಗೆ ಬಿದ್ದದ್ದು ಪೆಟ್ಟು ಕಳೆದುಕೊಂಡ ತುಂತುರು, ಅಷ್ಟೇ ವ್ಯತ್ಯಾಸ. ಹತ್ತು ವರ್ಷದ ಲೆಕ್ಕದಲ್ಲಿ ಬಲೆಯಿಲ್ಲದ ತುಂಡಿನಿಂದ ಹೋದ ಮಣ್ಣು ಇನ್ನೊಂದರ ನೂರು ಪಟ್ಟಿಗೂ ಹೆಚ್ಚು.

ನಂಬಲು ಕಷ್ಟವಾಯಿತು. ಮನೆಯಲ್ಲಿ ಹರಿದ ಸೊಳ್ಳೆಪರದೆ ಇತ್ತು. ನಾಲ್ಕು ಗೂಟ ನೆಟ್ಟು ಒಂದು ಮೀಟರ್ ಚೌಕಕ್ಕೆ ಎರಡು ಮಡಿಕೆ ಮಾಡಿ ಬಿಗಿದೆ. ಮೂರು ಮಳೆ ಕಳೆದ ಮೇಲೆ ಮೊಣಕಾಲೂರಿ ನೋಡಿದೆ. ಪರದೆಯ ಹೊರಗೆ ನೆಲದ ತುಂಬ ಒಂದೊಂದು ಬೆರಳಿನ ಗೆಣ್ಣಿನೆತ್ತರದ ಪುಟ್ಟ ಮಣ್ಣಿನ ಕಂಬಗಳು ನಿಂತಿದ್ದವು. ಪ್ರತಿ ಕಂಬದ ನೆತ್ತಿಯ ಮೇಲೂ ಒಂದು ಬೆಣಚುಕಲ್ಲೋ ಕಡ್ಡಿಯ ಚೂರೋ. ಕಲ್ಲಿನ ಕೆಳಗಿನ ಮಣ್ಣು ಪೆಟ್ಟಿನಿಂದ ಉಳಿದಿತ್ತು, ಸುತ್ತಲಿನದು ಹೋಗಿತ್ತು. ಮಳೆಗೆ ಮುಂಚೆ ನೆಲ ಆ ಕಲ್ಲಿನ ಮಟ್ಟದಲ್ಲಿತ್ತು! ಪರದೆಯ ಕೆಳಗೆ ಒಂದು ಕಂಬವೂ ಇರಲಿಲ್ಲ. ನಾನು ಕಿತ್ತಿದ್ದ ಕಳೆಯ ಗುಂಡಿ ಹಾಗೆಯೇ ಅಂಚು ಮುರಿಯದೆ ಉಳಿದಿತ್ತು. ನಿಮ್ಮ ಅಂಗಳದಲ್ಲೂ ಈ ಕಂಬಗಳು ಇರುತ್ತವೆ, ಬಗ್ಗಿ ನೋಡಿ.

ಇಡೀ ಜಾಗಕ್ಕೆ ಪರದೆ ಕಟ್ಟಲಾಗದು. ಪರದೆಯ ಕೆಲಸ ಮಾಡುವುದು ತರಗೆಲೆ. ನಾನು ಗುಡಿಸಿ ಸುಟ್ಟಿದ್ದೂ ಅದನ್ನೇ.

ಆ ಮಳೆಗಾಲದಲ್ಲೇ ಜಾಗವನ್ನು ಉದ್ದಕ್ಕೆ ಎರಡು ಭಾಗ ಮಾಡಿದೆ. ಎಡಕ್ಕೆ ಸಿಕ್ಕ ಎಲೆ, ಒಣಹುಲ್ಲು, ಸವರಿದ ರೆಂಬೆ ಎಲ್ಲ ತಂದು ನಾಲ್ಕು ಬೆರಳು ದಪ್ಪ ಹರಡಿದೆ. ಬಲಕ್ಕೆ ಏನೂ ಮಾಡಲಿಲ್ಲ. ಎರಡೂ ಕಡೆ ಆರಾರು ಕಬ್ಬಿಣದ ಸರಳು ಹೊಡೆದು, ಸರಳಿನ ತುದಿಯಿಂದ ನೆಲಕ್ಕೆ ಎಷ್ಟು ದೂರವೆಂದು ಬರೆದಿಟ್ಟೆ. ಅಳೆಯುವಾಗ ಸರಳಿಗೆ ಒಂದು ವಾಷರ್ ತೂರಿಸಿ ನೆಲಕ್ಕೆ ಬಿಟ್ಟರೆ ಉಬ್ಬುತಗ್ಗಿನಿಂದ ಲೆಕ್ಕ ತಪ್ಪುವುದಿಲ್ಲ. ಅಳೆದ ಮೇಲೆ ವಾಷರ್ ತೆಗೆದಿಡಬೇಕು, ಇಲ್ಲದಿದ್ದರೆ ಅದೇ ಮಳೆಹನಿಗೆ ಕೊಡೆಯಾಗಿ ಕೆಳಗಿನ ಮಣ್ಣು ಕಂಬವಾಗಿ ನಿಲ್ಲುತ್ತದೆ. ಮಳೆಗಾಲ ಮುಗಿದಾಗ ಬಲಬದಿಯ ನೆಲ ಸರಾಸರಿ 7 ಮಿಲಿಮೀಟರ್ ಇಳಿದಿತ್ತು. ಎಡಬದಿಯಲ್ಲಿ ಒಂದು ಮಿಲಿಮೀಟರೂ ಇಲ್ಲ.

7 ಮಿಲಿಮೀಟರ್ ಅಂದರೆ ಕಣ್ಣಿಗೆ ಏನೂ ಅಲ್ಲ. ಕಾಲು ಎಕರೆಗೆ ಲೆಕ್ಕ ಹಾಕಿದರೆ ಏಳು ಘನ ಮೀಟರ್, ಒಂಬತ್ತು ಟನ್ ಮಣ್ಣು. ಎರಡು ಟ್ರ್ಯಾಕ್ಟರ್ ಟ್ರೈಲರ್ ತುಂಬುವಷ್ಟು. ಯಾರಾದರೂ ರಾತ್ರಿ ಬಂದು ಅಷ್ಟು ತುಂಬಿಕೊಂಡು ಹೋಗಿದ್ದರೆ ನಾನು ಸುಮ್ಮನಿರುತ್ತಿದ್ದೆನೇ? ಎರಡು ಮೂರು ಸೆಂಟಿಮೀಟರ್ ಮಣ್ಣು ಹುಟ್ಟಲು ಸಾವಿರ ವರ್ಷದವರೆಗೂ ಹಿಡಿಯಬಹುದು ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹೇಳುತ್ತದೆ. ನೂರಾರು ವರ್ಷದ ಗಳಿಕೆಯನ್ನು ನಾನು ಒಂದು ಮಳೆಗಾಲದಲ್ಲಿ ಕಳೆದೆ, ಅದೂ ಸರಳು ಹೊಡೆದು ಕಣ್ಣೆದುರೇ. ಆ ಬಲಬದಿಯನ್ನು ಹೋಲಿಕೆಗೆಂದು ಬರಿದಾಗಿ ಬಿಟ್ಟದ್ದಕ್ಕೆ ಈಗಲೂ ಹೊಟ್ಟೆ ಉರಿಯುತ್ತದೆ.

ಎಲೆ ಹರಡುವುದರಲ್ಲೂ ಕಲಿಯಬೇಕಾದ್ದು ಇದೆ. ಬರಿ ಎಲೆಯಾದರೆ ಕಡಿದಾದ ಜಾಗದಲ್ಲಿ ನೀರಿನ ಜೊತೆ ಜಾರುತ್ತದೆ, ಗಾಳಿಗೆ ಹಾರುತ್ತದೆ. ಕವಲಿರುವ ರೆಂಬೆಗಳನ್ನು ಇಳಿಜಾರಿಗೆ ಅಡ್ಡಲಾಗಿ ಮಲಗಿಸಿ ಅವುಗಳ ಮೇಲೆ ಎಲೆ ಹಾಕಿದರೆ ಕೂರುತ್ತದೆ. ಗಿಡದ ಕಾಂಡಕ್ಕೆ ತಾಗಿಸಬಾರದು, ಒಂದು ಗೇಣು ಬಿಡಬೇಕು. ಗೆದ್ದಲು ಬರುತ್ತದೆ ಎಂದು ಹೆದರಿಸಿದವರಿದ್ದರು. ಬಂತು, ಒಣಗಿದ್ದನ್ನು ತಿಂದಿತು, ನೆಲದೊಳಕ್ಕೆ ನೀರಿಳಿಯುವ ಸುರಂಗ ಕೊರೆಯಿತು, ಬೇರೂರಿದ ಹಸಿ ಗಿಡದ ತಂಟೆಗೆ ಬರಲಿಲ್ಲ. ಎಲೆ ಸಾಲದೆ ಹೋದರೆ ಸಿಕ್ಕಷ್ಟೇ ಹರಡಿ. ನೆಲದ ಮೂರರಲ್ಲೊಂದು ಪಾಲು ಮುಚ್ಚಿದರೂ ಕೊಚ್ಚಿಹೋಗುವ ಮಣ್ಣು ಅರ್ಧಕ್ಕಿಳಿಯುತ್ತದೆ.

ಕಳೆಯನ್ನು ಈಗ ಕೀಳುವುದಿಲ್ಲ, ಕತ್ತಿಯಿಂದ ಸವರುತ್ತೇನೆ. ಬೇರು ಒಳಗೇ ಉಳಿಯಲಿ. ಸತ್ತ ಬೇರು ಕೊಳೆತ ಜಾಗ ನೀರಿಗೆ ದಾರಿ. ಮಳೆಗೆ ಎರಡು ವಾರ ಮುಂಚೆ ಖಾಲಿ ಜಾಗಕ್ಕೆ ಸೆಣಬು, ಅಲಸಂದೆ, ಹುರುಳಿ ಬೀಜ ಒಟ್ಟಿಗೆ ಎರಚುತ್ತೇನೆ. ಮೊದಲ ಹದ ಮಳೆಗೆ ಮೊಳೆತು, ದೊಡ್ಡ ಮಳೆ ಬರುವಷ್ಟರಲ್ಲಿ ನೆಲ ಮುಚ್ಚಿರುತ್ತವೆ. ತಡಮಾಡಿದರೆ ಪ್ರಯೋಜನವಿಲ್ಲ. ಮಣ್ಣು ಅತಿ ಹೆಚ್ಚು ಹೋಗುವುದೇ ಮಳೆಗಾಲದ ಮೊದಲ ಕೆಲವು ಜೋರು ಮಳೆಗಳಲ್ಲಿ, ನೆಲ ಬೆತ್ತಲೆ ಇರುವಾಗ.

ಹೊದಿಕೆ ಎರಡು ವರ್ಷ ನಿಂತ ಮೇಲೆ ಮಣ್ಣೇ ಬದಲಾಯಿತು. ಇದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಹೊದಿಕೆಯ ಕೆಳಗಿನ ಒಂದು ಹೆಂಟೆ, ಬರಿ ನೆಲದ ಒಂದು ಹೆಂಟೆ, ಎರಡನ್ನೂ ನೆರಳಲ್ಲಿ ಒಣಗಿಸಿ ತಂತಿ ಜಾಲರಿಯ ಮೇಲಿಟ್ಟು ನೀರಿನ ಜಾಡಿಯಲ್ಲಿ ಮುಳುಗಿಸಿ. ನನ್ನ ಬರಿ ನೆಲದ ಹೆಂಟೆ ಗುಳ್ಳೆ ಬಿಡುತ್ತಾ ಒಂದೇ ನಿಮಿಷದಲ್ಲಿ ಕುಸಿದು ರಾಡಿಯಾಯಿತು. ಇನ್ನೊಂದು ಮರುದಿನವೂ ಹೆಂಟೆಯಾಗಿಯೇ ಇತ್ತು. ಬೇರು ಸ್ರವಿಸುವ ಅಂಟು, ಶಿಲೀಂಧ್ರದ ನೂಲು, ಎರೆಹುಳುವಿನ ಹಿಕ್ಕೆ ಎಲ್ಲ ಸೇರಿ ಕಣಕ್ಕೆ ಕಣ ಬೆಸೆದಿರುತ್ತವೆ. ಮೇಲಿಂದ ಮೇಲೆ ಉಳುವಾಗ ಈ ನೂಲು ತುಂಡಾಗುತ್ತದೆ.

ಮರ ನೆಟ್ಟರೆ ಮಣ್ಣು ನಿಲ್ಲುತ್ತದೆ ಎನ್ನುವ ಮಾತಿಗೆ ನಾನೀಗ ಅರ್ಧ ಮಾತ್ರ ಒಪ್ಪುತ್ತೇನೆ. ಎತ್ತರದ ಮರದ ಅಗಲ ಎಲೆಯ ತುದಿಯಲ್ಲಿ ನೀರು ಕೂಡಿ ಮಳೆಹನಿಗಿಂತ ದಪ್ಪ ಹನಿಯಾಗಿ ಬೀಳುತ್ತದೆ. ಹತ್ತು ಮೀಟರ್ ಎತ್ತರದಿಂದ ಬಿದ್ದರೆ ಹೆಚ್ಚುಕಡಿಮೆ ಪೂರ್ತಿ ವೇಗ ಪಡೆದಿರುತ್ತದೆ. ಕೆಳಗೆ ಗುಡಿಸಿದ ನೆಲವಿದ್ದರೆ ಬಯಲಿಗಿಂತ ಹೆಚ್ಚು ಪೆಟ್ಟು. ಸಾಲು ಸಾಲು ತೇಗ ನೆಟ್ಟು ಬುಡ ಚೊಕ್ಕ ಮಾಡಿದ, ಇಲ್ಲವೇ ಬೆಂಕಿ ಬಿದ್ದು ತರಗು ಸುಟ್ಟ ತೋಪುಗಳಲ್ಲಿ ಬೇರು ಹೊರಬಿದ್ದಿರುವುದನ್ನು ನೀವೂ ನೋಡಿರಬಹುದು. ಕಾಡಿನಲ್ಲಿ ಮಣ್ಣು ಉಳಿಯುವುದು ಮರದ ಕೆಳಗೆ ಪೊದೆ, ಪೊದೆಯ ಕೆಳಗೆ ಹುಲ್ಲು, ಹುಲ್ಲಿನ ಕೆಳಗೆ ತರಗು ಇರುವುದರಿಂದ. ಅಪ್ಪನ ಕಾಲದಲ್ಲಿ ನಮ್ಮ ಜಾಗವೂ ಹಾಗೆಯೇ ಇತ್ತು.

ಗಾಳಿಯ ಕಥೆಯೂ ಬೇರೆಯಲ್ಲ. ಅಮೆರಿಕದ ಬಯಲುಗಳಲ್ಲಿ ಹುಲ್ಲು ಉತ್ತು ತೆಗೆದ ಹೊಲಗಳು 1930ರ ದಶಕದ ಬರದಲ್ಲಿ ಧೂಳಾಗಿ ಎದ್ದವು. 1935ರ ಏಪ್ರಿಲ್ 14ರಂದು ಹಗಲನ್ನೇ ಕತ್ತಲಾಗಿಸಿದ ಧೂಳಿನ ಬಿರುಗಾಳಿ ಬೀಸಿತು. ಅದೇ ತಿಂಗಳು ಅಲ್ಲಿ ಮಣ್ಣು ಸಂರಕ್ಷಣೆಯ ಕಾಯ್ದೆ ಬಂತು.

ಹೊದಿಕೆಯ ನಂತರದ ಕೆಲಸ, ಹೊದಿಕೆ ಮೀರಿ ಹರಿಯುವ ನೀರಿನ ಓಟ ತಗ್ಗಿಸುವುದು. ಇದಕ್ಕೆ ಸಮಮಟ್ಟದ ಗೆರೆ ಬೇಕು. ತಮ್ಮನೂ ನಾನೂ ಪಾರದರ್ಶಕ ಟ್ಯೂಬಿಗೆ ನೀರು ತುಂಬಿ, ಎರಡು ಕೋಲಿಗೆ ಕಟ್ಟಿ, ಎರಡೂ ತುದಿಯ ನೀರು ಒಂದೇ ಗುರುತಿಗೆ ಬರುವ ಜಾಗ ಹುಡುಕಿ ಗೂಟ ಹೊಡೆಯುತ್ತಾ ಹೋದೆವು. ಮೊದಲ ಗೆರೆಯಲ್ಲಿ ಟ್ಯೂಬಿನೊಳಗೆ ಗಾಳಿಗುಳ್ಳೆ ಉಳಿದದ್ದು ಗೊತ್ತಾಗಲಿಲ್ಲ. ಒಂದು ಕಡೆ ಗೆರೆ ಒಂದು ಗೇಣು ತಗ್ಗಾಯಿತು. ಅದರ ಮೇಲೆ ಬದು ಹಾಕಿದೆವು. ಮಳೆ ಬಂದಾಗ ಮೂವತ್ತಮೂರು ಮೀಟರ್ ಅಗಲದ ನೀರೆಲ್ಲ ಆ ಒಂದೇ ತಗ್ಗಿಗೆ ನುಗ್ಗಿ ಬದು ಒಡೆದು ಹೊಸ ಕೊರಕಲು ಮಾಡಿತು. ಬದು ಇಲ್ಲದಿದ್ದರೆ ಅದು ಆಗುತ್ತಲೇ ಇರಲಿಲ್ಲ. ಅಲ್ಲಿಂದೀಚೆಗೆ ಪ್ರತಿ ಐದು ಗೂಟಕ್ಕೊಮ್ಮೆ ಎರಡು ಕೋಲು ಪಕ್ಕಪಕ್ಕ ನಿಲ್ಲಿಸಿ ನೀರು ಒಂದೇ ಮಟ್ಟದಲ್ಲಿದೆಯೇ ಎಂದು ನೋಡಿಯೇ ಮುಂದೆ ಹೋಗುತ್ತೇವೆ.

ಒಡೆದ ಬದುವಿನ ಜಾಗದಲ್ಲಿ ಲಾವಂಚ ನೆಟ್ಟೆವು. ಒಂದೂವರೆ ಮೀಟರ್ ಇಳಿತಕ್ಕೆ ಒಂದರಂತೆ ಐದು ಸಾಲು ಬೇಕಿತ್ತು, ಒಟ್ಟು 165 ಮೀಟರ್. ಬುಡಕ್ಕೆ ಬುಡ 12 ಸೆಂಟಿಮೀಟರ್ ಅಂತರವೆಂದರೆ ಸುಮಾರು 1,400 ಬುಡ. ಮೊದಲ ವರ್ಷ ಎರಡೇ ಸಾಲು ನೆಟ್ಟು, ಅದರ ಕಂತೆ ಒಡೆದು ಮರುವರ್ಷ ಉಳಿದದ್ದು ಮುಗಿಸಿದೆವು. 1950ರ ದಶಕದಲ್ಲಿ ಫಿಜಿಯ ಕಬ್ಬಿನ ಹೊಲಗಳಲ್ಲಿ ಜಾನ್ ಗ್ರೀನ್‌ಫೀಲ್ಡ್ ಹೀಗೆ ಲಾವಂಚದ ಬೇಲಿ ನೆಡಿಸಿದ್ದರು. ಇದರ ಬೇರು ಪಕ್ಕಕ್ಕೆ ಹರಡದೆ ನೇರ ಕೆಳಗಿಳಿಯುತ್ತದೆ, ಮೂರು ಮೀಟರಿನವರೆಗೂ. ಮೇಲಿನ ಗಟ್ಟಿ ಎಲೆಗಳ ಗೋಡೆ ನೀರನ್ನು ನಿಲ್ಲಿಸುವುದಿಲ್ಲ, ಸೋಸಿ ನಿಧಾನವಾಗಿ ಬಿಡುತ್ತದೆ. ನಿಧಾನವಾದ ನೀರು ಹೊತ್ತ ಮಣ್ಣನ್ನು ಅಲ್ಲೇ ಇಳಿಸುತ್ತದೆ. ಮಣ್ಣು ಬುಡ ಮುಚ್ಚಿದರೆ ಹುಲ್ಲು ಮೇಲಿನ ಗೆಣ್ಣಿನಿಂದ ಹೊಸ ಬೇರು ಬಿಟ್ಟು ಎದ್ದು ನಿಲ್ಲುತ್ತದೆ. ಬಿದ್ದ ಸಿಮೆಂಟ್ ಗೋಡೆಗೆ ಈ ಶಕ್ತಿ ಎಲ್ಲಿತ್ತು? ನಮ್ಮ ಮೂರನೇ ಸಾಲಿನ ಹಿಂದೆ ಈಗ ಒಂದು ಗೇಣು ಮಣ್ಣು ಕೂತು ತಾನಾಗಿ ಮೆಟ್ಟಿಲಾಗಿದೆ.

ಎರಡು ಎಚ್ಚರಿಕೆ. ಲಾವಂಚಕ್ಕೆ ನೆರಳು ಆಗದು. ಮರದ ಅಡಿಯಲ್ಲಿ ನೆಟ್ಟ ಹತ್ತು ಮೀಟರ್ ಸಾಲು ಸೊರಗಿ ಸಂದು ಬಿಟ್ಟಿತು, ಅಲ್ಲಿ ಕಲ್ಲಿನ ಸಾಲು ಇಟ್ಟೆವು. ಇನ್ನೊಂದು, ಸುವಾಸನೆಯ ಬೇರಿಗಾಗಿ ಇಳಿಜಾರಿನ ಲಾವಂಚವನ್ನು ಅಗೆಯಬಾರದು. ಅಗೆದ ಸಾಲು ಮರುಮಳೆಗೆ ಕಾಲುವೆಯಾಗುತ್ತದೆ.

ಕಲ್ಲಿನ ಸಾಲನ್ನು ಹೇಳುವಾಗ ಪಶ್ಚಿಮ ಆಫ್ರಿಕಾದ ರೈತ ಯಾಕೂಬಾ ಸವಾಡೊಗೊ ನೆನಪಾಗುತ್ತಾರೆ. ಬುರ್ಕಿನಾ ಫಾಸೋದ ಉತ್ತರದಲ್ಲಿ, ಹಕ್ಕಳೆ ಕಟ್ಟಿ ಕಲ್ಲಾಗಿದ್ದ ನೆಲದಲ್ಲಿ ಅವರು ಬೇಸಗೆಯಲ್ಲೇ ಗುಂಡಿ ತೋಡಿ ಗೊಬ್ಬರ ಹಾಕಿಟ್ಟರು, ನೀರಿಗೆ ಅಡ್ಡಲಾಗಿ ಕಲ್ಲಿನ ಸಾಲು ಇಟ್ಟರು. ಗೊಬ್ಬರಕ್ಕೆ ಬಂದ ಗೆದ್ದಲು ನೆಲ ಕೊರೆದು ಸಡಿಲಿಸಿತು. ಸುತ್ತಲಿನವರು ಹುಚ್ಚನೆಂದರು. ಬರಡು ನೆಲದಲ್ಲಿ ಬೆಳೆ ಬಂತು, ಆಮೇಲೆ ಕಾಡೇ ಎದ್ದಿತು. 2018ರಲ್ಲಿ ಅವರಿಗೆ ರೈಟ್ ಲೈವ್‌ಲಿಹುಡ್ ಪ್ರಶಸ್ತಿ ಬಂತು, 2023ರಲ್ಲಿ ತೀರಿಕೊಂಡರು. ಗೆದ್ದಲಿಗೆ ಹೆದರದೆ ಇರಲು ನನಗೆ ಧೈರ್ಯ ಕೊಟ್ಟವರು ಅವರೇ.

ಕೊರಕಲನ್ನು ಕೊನೆಗೆ ಕೈಗೆತ್ತಿಕೊಂಡೆವು, ಅದೂ ಮೇಲಿನ ತುದಿಯಿಂದ. ಗ್ಲಿರಿಸಿಡಿಯಾದ ಹಸಿ ಕೋಲುಗಳನ್ನು ಅಡ್ಡಸಾಲಾಗಿ ಊರಿ, ನಡುವೆ ರೆಂಬೆ ಹೆಣೆದು ತಡೆ ಮಾಡಿದೆವು. ಕೋಲು ಬೇರು ಬಿಟ್ಟು ಜೀವಂತ ತಡೆಯಾಗುತ್ತದೆ. ತಡೆಯ ನಡುಭಾಗ ಪಕ್ಕಗಳಿಗಿಂತ ತಗ್ಗಿರಲೇಬೇಕು, ಇಲ್ಲದಿದ್ದರೆ ನೀರು ಬದಿ ಕೊರೆದು ಸುತ್ತಿ ಹೋಗುತ್ತದೆ. ಕೆಳಗಿನ ತಡೆಯ ನೆತ್ತಿ ಮೇಲಿನ ತಡೆಯ ಬುಡದ ಮಟ್ಟಕ್ಕೆ ಬರುವಂತೆ ಅಂತರ ಇಟ್ಟೆವು.

ಇದೆಲ್ಲ ಮೇಲ್ಮಣ್ಣಿನ ಮಾತು. ಗುಡ್ಡವೇ ಜಾರುವುದು ಬೇರೆ. ನೆಲದಲ್ಲಿ ಬಿಲ್ಲಿನಾಕಾರದ ಬಿರುಕು, ಇದ್ದಕ್ಕಿದ್ದಂತೆ ವಾಲಿದ ಮರ, ಹೊಸದಾಗಿ ಒಸರುವ ಕೆಸರುನೀರು ಕಂಡರೆ ಹುಲ್ಲು ನೆಡುತ್ತಾ ಕೂರಬೇಡಿ. ಜಾಗ ಬಿಟ್ಟು ದೂರ ಹೋಗಿ, ತಿಳಿದವರನ್ನು ಕರೆಸಿ. ತೀರಾ ಕಡಿದಾದ ಗುಡ್ಡದಲ್ಲಿ ಇಂಗುಗುಂಡಿ ತೋಡುವುದೂ ಅಪಾಯ. ಒಳಗೆ ಇಳಿಸಿದ ನೀರೇ ಜಾರಿಕೆಗೆ ಕಾರಣವಾಗಬಹುದು.

ಸರಳುಗಳು ಇನ್ನೂ ಇವೆ. ಈ ವರ್ಷ ಅಳೆದಾಗ ಹತ್ತರಲ್ಲಿ ವ್ಯತ್ಯಾಸ ಸಿಗಲಿಲ್ಲ. ಎರಡರಲ್ಲಿ ನೆಲ ಮೇಲೆ ಬಂದಿತ್ತು, ಒಂದರಲ್ಲಿ 4, ಇನ್ನೊಂದರಲ್ಲಿ 9 ಮಿಲಿಮೀಟರ್. ತೊರೆಗೆ ಇಳಿಯುವ ನಮ್ಮ ನೀರನ್ನು ಜಾಡಿಯಲ್ಲಿ ಹಿಡಿದರೆ ನೆನೆದ ಎಲೆಯ ಬಣ್ಣ, ಆಚೆ ಕಿಟಕಿಯ ಸರಳು ಕಾಣುತ್ತದೆ. ಹಿಂದಿನ ಗೋಡೆಯಲ್ಲಿ ಕಲೆ ಇಲ್ಲ. ನೀರಿನ ತೊಟ್ಟಿಗೆ ಹೋಗುವ ದಾರಿಯ ಪಕ್ಕದಲ್ಲಿ ಮಾತ್ರ, ದಿನವೂ ತುಳಿದು ನೆಲ ಬರಿದಾದ ಕಡೆ, ಒಂದು ಮಾರು ಅಗಲಕ್ಕೆ ಕೆಂಪು ಚುಕ್ಕೆ ಎದ್ದಿದೆ. ಅಲ್ಲಿಗೆ ಚಪ್ಪಟೆ ಕಲ್ಲು ಹಾಸಿ, ಸಂದಿನಲ್ಲಿ ಗರಿಕೆ ಊರಬೇಕು. ಕಲ್ಲು ತಂದು ಒಟ್ಟಿಯಾಗಿದೆ.